ಒಂದು ತುತ್ತು, ಆಮೇಲೆ ಹೊಲಿಗೆ

"ಕೇಳಿರಪ್ಪೋ ಕೇಳಿರಿ, ದೊರೆ ಭೀಮಧರರ ಮೂರು ಒಗಟು! ಒಂದು ಊರಿನಲ್ಲಿ ಮದುಮಗಳೂ ಮುದುಕಿಯೂ, ಒಡೆಯನೂ ಆಳೂ ಮೈಗೆ ಮೈ ತಾಗಿಸಿ ಬೆಚ್ಚಗೆ ಮಲಗಿದ್ದಾರೆ. ಅದು ಯಾವ ಊರು? ಒಂದೇ ತುತ್ತು ಉಣಿಸಿ ಬಾಯಿ ಹೊಲಿದುಬಿಡುತ್ತಾರೆ, ಆದರೂ ಅದು ಎಂದೂ ಹಸಿಯದು, ಅದು ಯಾರು? ಮೈಯೆಲ್ಲ ಚುಚ್ಚಿಸಿಕೊಂಡು, ಚುಚ್ಚಿಸಿಕೊಂಡಷ್ಟೂ ಗಟ್ಟಿಯಾಗುವುದು ಯಾವುದು? ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ಪ್ರಾಣ ದೊರೆಯದು, ಬಟ್ಟೆ ಉಗ್ರಾಣದ್ದು!"

ಡಂಗುರದವನು ಇದನ್ನು ಕಲ್ಲಗಿರಿಯ ಬೀದಿಬೀದಿಯಲ್ಲಿ ಸಾರಿದ. ಬೇಡಿದ್ದು ಸಿಗುತ್ತದೆ ಎಂದರೆ ಜನ ತಮ್ಮ ಕತ್ತನ್ನೂ ಮರೆಯುತ್ತಾರೆ. ಮೊದಲು ಹೋದವನು ಹಮಾಲಿ ಯಮನಪ್ಪ.

"ಮೊದಲನೇದು ಸುಡುಗಾಡ್ರಿ," ಅಂದ.

"ಮಣ್ಣಿನ ಕೆಳಗೆ ಬೆಚ್ಚಗಿರುತ್ತದೆಯೇ?" ಎಂದ ದೊರೆ. ಅಷ್ಟೇ. ಯಮನಪ್ಪ ಮನೆಗೆ ಬರಲಿಲ್ಲ.

ಅವನ ತಂಗಿ ಸಾಂವಕ್ಕ ಅತ್ತೂ ಅತ್ತೂ ಕಣ್ಣು ಬತ್ತಿದ ಮೇಲೆ ಅರಮನೆಯ ಉಗ್ರಾಣಕ್ಕೆ ಕೂಲಿಗೆ ಸೇರಿದಳು. ಅಣ್ಣನ ಅಂಗಿಯಾದರೂ ಸಿಕ್ಕರೆ ಅವ್ವನ ಕೈಗೆ ಕೊಡಬೇಕೆಂಬುದು ಅವಳ ಆಸೆ. ಕೆಲಸವೋ, ಸತ್ತವರ ಬಟ್ಟೆ ವಿಂಗಡಿಸುವುದು. ಎರಡನೆಯ ಒಗಟಿಗೆ ಗೋಣಿಚೀಲ ಎಂದ ವ್ಯಾಪಾರಿಯ ರೇಷ್ಮೆ ರುಮಾಲು ಬಂತು. "ಗೋಣಿ ಒಂದು ತುತ್ತಿಗೆ ತುಂಬುತ್ತದೆಯೇ?" ಎಂದಿದ್ದನಂತೆ ದೊರೆ. ಮೂರನೆಯದಕ್ಕೆ ವೀರನ ಎದೆ ಎಂದ ಸರದಾರನಿಗೆ "ಚುಚ್ಚಿ ನೋಡೋಣ" ಎಂದನಂತೆ. ಅವನ ನಿಲುವಂಗಿಯ ಎದೆಯಲ್ಲಿ ತೂತಿತ್ತು.

ಹೊಲಿಯುವವಳ ಕೈ ಸುಮ್ಮನಿರುತ್ತದೆಯೇ? ಮನೆಯಲ್ಲಿ ಮಾಡುವಂತೆ ಸಾಂವಕ್ಕ ಮೆತ್ತನೆಯವನ್ನು ಮೇಲ್ಪದರಕ್ಕೆಂದು ಒಂದು ಕಡೆ, ದಪ್ಪನೆಯವನ್ನು ಒಳಪದರಕ್ಕೆಂದು ಇನ್ನೊಂದು ಕಡೆ, ಧೋತರದ ಅಂಚುಗಳನ್ನು ಬೇರೆ ಗಂಟಾಗಿ ಇಟ್ಟಳು. ಒಂದು ದಿನ ಮೊಣಕೈಗೆ ತಾನೇ ತೇಪೆ ಹಾಕಿದ್ದ ಅಂಗಿ ಸಿಕ್ಕಿತು. ಎದೆಗವಚಿಕೊಂಡು ಅತ್ತು, ಕೆಳಗೆ ಹಾಸಿದಳು. ಆ ಕಡೆ ರೇಷ್ಮೆ ರುಮಾಲು, ಈ ಕಡೆ ಸರದಾರನ ನಿಲುವಂಗಿ, ನಡುವೆ ಹಮಾಲಿಯ ಅಂಗಿ. ಒಡೆಯನೂ ಆಳೂ ಮೈಗೆ ಮೈ ತಾಗಿಸಿ ಮಲಗಿದ್ದರು.

ಸಾಂವಕ್ಕ ಅಂಗಿಯತ್ತ ಬಾಗಿದಳು. "ಅಯ್ಯ ಅಣ್ಣಾ, ದಿನಾ ಅದನ್ನ ಹೊತಗೊಂಡು ಮಲಗತಿದ್ಯಲ್ಲೋ!"

ನೇರ ಸಭೆಗೆ ನಡೆದಳು. "ಮೂರಕ್ಕೂ ಒಂದ ಉತ್ತರ್ರಿ, ದೊರಿ. ಕೌದಿ. ಮದುವಿ ಸೀರಿ, ಮುದುಕಿ ಸೀರಿ, ಗೌಡನ ಧೋತರ, ಆಳಿನ ಅಂಗಿ, ಎಲ್ಲಾ ಹಳೀ ಅರಿವಿ ಅದರಾಗ ಒಂದ ಹೊದಿಕಿ ಆಗಿ ಬೆಚ್ಚಗ ಮಲಗತಾವು. ಕಡೀ ಮೂಲಿ ಹೊಲಿಯೂ ಮುಂದ ರೊಟ್ಟಿ ತುಣುಕು ಇಟ್ಟು ಬಾಯಿ ಮುಚ್ಚತೀವಿ. ಹಸದ ಕೌದಿ ಹೊತಗೊಂಡವರಿಗೆ ನಿದ್ದಿ ಕೊಡೂದಿಲ್ಲಂತ. ಸೂಜಿ ಚುಚ್ಚಿದಷ್ಟೂ ಗಟ್ಟಿ ಆಗೂದೂ ಅದ."

ದೊರೆಗೆ ಅರಮನೆಯ ಮಾತು ಮರೆತು ಊರಿನ ಮಾತು ಬಂತು. "ನಮ್ಮವ್ವ ಕೌದಿ ಹೊಲದು ನನ್ನ ಸಾಕಿದ್ಳು. ಪಟ್ಟ ಕಟ್ಟಿದ ದಿನ ನಾಚಿಕಿ ಆಗಿ ಆಕೀ ಕೌದಿ ಸುಟ್ಟೆ. ಅವತ್ತಿಂದ ನಿದ್ದಿ ಇಲ್ಲ. ಅಂಥಾ ಕೌದಿ ಹೊಲಿಯೂ ಕೈ ಹುಡುಕಾಕತ್ತಿದ್ದೆ."

"ಕೇಳಿದ್ರ ಯಾರ ಬೇಕಾದ್ರೂ ಹೊಲದು ಕೊಡತಿದ್ರು. ಇಷ್ಟ ಮಂದೀ ಜೀವಾ ಯಾಕ ತಗದ್ರಿ?"

"ದೊರಿ ಬಾಯಿಬಿಟ್ಟು ಕೌದಿ ಕೇಳಾಕ ಬರತೈತೇನು?"

ಸಾಂವಕ್ಕ ತನ್ನ ಪಾಲಿನ ಬಹುಮಾನ ಬೇಡಿದಳು: ಅಣ್ಣನ ಅಂಗಿ, ಮತ್ತು ಇನ್ನು ಮೇಲೆ ಉಗ್ರಾಣಕ್ಕೆ ಯಾರ ಬಟ್ಟೆಯೂ ಬರಬಾರದು. ದೊರೆ ಒಪ್ಪಿದ. ಉಳಿದ ಬಟ್ಟೆಯಲ್ಲಿ ತನಗೊಂದು ಕೌದಿ ಹೊಲಿದು ಕೊಡು ಎಂದು ಕೈಮುಗಿದ.

ಅವಳು ಹೊಲಿದಳು. ಕೊನೆಯ ಮೂಲೆ ಬಂದಾಗ ದೊರೆ ತಾನೇ ರೊಟ್ಟಿಯ ತುಣುಕು ಹಿಡಿದು ಬಂದು ಪಕ್ಕದಲ್ಲಿ ಕೂತ. ಸಾಂವಕ್ಕ ಅದನ್ನು ನೋಡಿದಳು. ಸೂಜಿ ಎಳೆದು ಮೂಲೆಯನ್ನು ಹಾಗೆಯೇ ಮುಚ್ಚಿದಳು.

"ತುತ್ತು?" ಎಂದ ದೊರೆ.

"ನೀವು ಉಣಿಸಿದ್ದು ಸಾಕ್ರಿ."

ದಾರವನ್ನು ಹಲ್ಲಿನಿಂದ ಕಡಿದು, ಅಣ್ಣನ ಅಂಗಿಯನ್ನು ಕಂಕುಳಲ್ಲಿಟ್ಟು ಮನೆಗೆ ಹೋದಳು. ಆ ಅಂಗಿಯನ್ನು ಅವ್ವನ ಕೌದಿಗೆ ಸೇರಿಸಿ, ಮೂಲೆಗೆ ರೊಟ್ಟಿಯ ತುಣುಕಿಟ್ಟು ಹೊಲಿದಳು. ಎಷ್ಟೋ ದಿನದ ಮೇಲೆ ಅವ್ವನಿಗೆ ನಿದ್ದೆ ಬಂತು. ದೊರೆಗೆ ಮಾತ್ರ ಬರಲೇ ಇಲ್ಲ.