ಸುಮ್ಮನಾದ ಡಬ್ಬಿ

“ಅಜ್ಜಾರ, ಬಾಯಿ ಇದ್ದೂ ಮಾತಾಡದವರನ್ನ ಕಟಗೊಂಡು ಕೆಲಸಾ ಮಾಡೋದು ಹೆಂಗ್ರಿ?”

ಗದಿಗೆಯ್ಯ ಹೀಗೆ ಕೇಳಿ ಕಟ್ಟೆಯ ಕೆಳಗೆ ಕೂತ. ಅಜ್ಜಾರು ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದರು. ಯಾರನ್ನು ಕುರಿತು ಕೇಳುತ್ತಿದ್ದೀಯ ಎಂದು ಅವರು ಕೇಳಲಿಲ್ಲ.

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಆ ಮಠ. ಭಕ್ತರಿಗಿಂತ ಹೆಚ್ಚಾಗಿ ಲಾರಿಗಳು ನಿಲ್ಲುವ ಮಠ ಎಂದರೂ ಸುಳ್ಳಲ್ಲ. ಅಜ್ಜಾರು ಕಾವಿ ಉಟ್ಟದ್ದು ಎಂಟು ವರ್ಷದ ಹಿಂದೆ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಲಾರಿಗಳ ವೈರಿಂಗ್ ಕೆಲಸ ಮಾಡಿಕೊಂಡಿದ್ದರು. ಸುತ್ತಲಿನವರು ಬೆನ್ನ ಹಿಂದೆ ಅವರನ್ನು ‘ಲಾರಿ ಅಜ್ಜಾರು’ ಎನ್ನುತ್ತಾರೆ. ಅದು ಅವರ ಕಿವಿಗೂ ಬಿದ್ದಿದೆ. ಬೇಜಾರೇನಿಲ್ಲ, ಒಳಗೊಳಗೆ ಖುಷಿಯೇ.

ಗದಿಗೆಯ್ಯ ಅವರ ಶಿಷ್ಯ. ಯುಗಾದಿಯಿಂದ ಈಚೆಗೆ ದಾಸೋಹದ ಅಡುಗೆಮನೆ ಅವನ ಸುಪರ್ದಿಗೆ ಬಂದಿತ್ತು. ಹುರುಪಿನ ಮನುಷ್ಯ. ಬಂದ ವಾರದಲ್ಲೇ ಒಂದು ಹೊಸ ಪದ್ಧತಿ ತಂದ. ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಅಡುಗೆಯ ಏಳೂ ಜನ ಉಗ್ರಾಣದ ಬಾಗಿಲಲ್ಲಿ ನಿಲ್ಲಬೇಕು. ಅಕ್ಕಿಯವನು ಅಕ್ಕಿಯ ವಿಷಯ, ಕಟ್ಟಿಗೆಯವನು ಕಟ್ಟಿಗೆಯ ವಿಷಯ, ಹೀಗೆ ಒಬ್ಬೊಬ್ಬರೂ ತಂತಮ್ಮದನ್ನು ಗಟ್ಟಿಯಾಗಿ ಹೇಳಬೇಕು. ತಪ್ಪಿದ್ದರೆ ಗದಿಗೆಯ್ಯ ಅಲ್ಲೇ, ಎಲ್ಲರ ಎದುರೇ ತಿದ್ದುತ್ತಿದ್ದ. ರೊಟ್ಟಿ ಬಡಿಯುವ ಈರವ್ವ ಹಿಟ್ಟಿನ ಅಳತೆಯನ್ನು ಸೇರಿನಲ್ಲಿ ಹೇಳುತ್ತಿದ್ದಳು. ಗದಿಗೆಯ್ಯ ಅದನ್ನು ಕಿಲೋದಲ್ಲಿ ಹೇಳಿಸುತ್ತಿದ್ದ. ಅವಳು ತಡವರಿಸಿದರೆ ಉಳಿದವರು ನಗುತ್ತಿದ್ದರು. ನಗು ಬಿದ್ದರೆ ಪಾಠ ಬೇಗ ತಲೆಗೆ ಹತ್ತುತ್ತದೆ ಎಂದು ಗದಿಗೆಯ್ಯ ನಂಬಿದ್ದ.

ಈಗ ಎರಡು ತಿಂಗಳಿಂದ ಈರವ್ವ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ, ಏನೂ ಹೇಳುವುದಿಲ್ಲ. ಕೇಳಿದರೆ ಸೆರಗು ಸರಿಮಾಡಿಕೊಂಡು ಒಲೆಯ ಕಡೆ ಹೋಗುತ್ತಾಳೆ. ಮೊನ್ನೆ ಸೋಮವಾರ ನೂರೈವತ್ತು ಜನ ಪಾದಯಾತ್ರೆಯವರು ಬಂದರು. ಜೋಳದ ಹಿಟ್ಟು ಸಾಲದು ಎಂದು ಅವಳಿಗೆ ಬೆಳಿಗ್ಗೆಯೇ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಕೊನೆಯ ಪಂಕ್ತಿಯವರು ರೊಟ್ಟಿಯಿಲ್ಲದೆ ಬರೀ ಅನ್ನ ಉಂಡು ಎದ್ದರು. ಮಠದ ಮಾನ ಹೋಯಿತು ಎಂದು ಗದಿಗೆಯ್ಯನಿಗೆ ತಡೆಯಲಾರದ ಸಿಟ್ಟು ಬಂತು.

ನಾಳೆ ಅವಳನ್ನು ಕಳಿಸಿಬಿಡುವುದು ಎಂದು ತೀರ್ಮಾನಿಸಿದ್ದ. ಆದರೆ ಅವಳು ಹತ್ತೊಂಬತ್ತು ವರ್ಷ ಆ ಒಲೆಯ ಮುಂದೆ ಕೂತವಳು. ಗಂಡ ಸತ್ತ ವರ್ಷ ಬಂದವಳು. ಹೋಗು ಎಂದರೆ ಎಲ್ಲಿಗೆ ಹೋಗಬೇಕು ಎಂಬುದು ಅವಳಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಅದಕ್ಕೇ ಅಜ್ಜಾರ ಹತ್ತಿರ ಬಂದ. ನಿಜ ಹೇಳಬೇಕೆಂದರೆ, ಕೇಳುವುದಕ್ಕಿಂತ ಹೆಚ್ಚಾಗಿ ಅವರಿಂದ ಒಂದು ‘ಹೂಂ’ ಅನ್ನಿಸಿಕೊಳ್ಳುವುದಕ್ಕೆ ಬಂದಿದ್ದ.

ಅಜ್ಜಾರು ಹೂಂ ಅನ್ನಲಿಲ್ಲ.

“ಒಂದು ಲಾರಿಯೊಳಗ ಎಷ್ಟು ಮಂದಿ ಮಾತಾಡ್ತಾರ, ಹೇಳು ನೋಡೂಣು?” ಎಂದರು.

“ಡ್ರೈವರ್, ಕ್ಲೀನರ್. ಇಬ್ಬರರಿ.”

“ಹನ್ನೊಂದು ಮಂದಿ,” ಎಂದು ಅಜ್ಜಾರು ಕತೆ ತೆಗೆದರು.

ಒಬ್ಬ ಚಾಲಕನಿದ್ದ. ಅವನು ಹೊಸದೊಂದು ಲಾರಿ ಕೊಂಡ. ಹದಿನಾಲ್ಕು ಗಾಲಿಯದು. ಹಳೆಯ ಲಾರಿಗಳಲ್ಲಿ ಚಾಲಕನ ಕಾಲಿಗೂ ಎಂಜಿನ್ನಿಗೂ ನಡುವೆ ಒಂದು ಕಂಬಿ ಇರುತ್ತಿತ್ತು. ಕಾಲು ಒತ್ತಿದರೆ ಕಂಬಿ ಎಳೆಯುತ್ತಿತ್ತು, ಎಂಜಿನ್ ಏಳುತ್ತಿತ್ತು. ಹೊಸ ಲಾರಿಯಲ್ಲಿ ಕಂಬಿ ಇಲ್ಲ. ಅಲ್ಲಿ ಎಂಜಿನ್ನಿಗೆ ಒಂದು ಡಬ್ಬಿ, ಗೇರಿಗೆ ಒಂದು ಡಬ್ಬಿ, ಬ್ರೇಕಿಗೆ ಒಂದು, ಚಾಲಕನ ಮುಂದಿನ ಮೀಟರುಗಳಿಗೆ ಒಂದು. ಎಣಿಸಿದರೆ ಹನ್ನೊಂದು. ಒಂದೊಂದರ ಒಳಗೂ ಒಂದು ಚಿಕ್ಕ ಕಂಪ್ಯೂಟರ್ ಇದೆ. ಇವು ಒಂದಕ್ಕೊಂದು ಮಾತಾಡಿಕೊಂಡರೆ ಲಾರಿ ಓಡುತ್ತದೆ. ಇಲ್ಲವಾದರೆ ಅದು ಬರೀ ಕಬ್ಬಿಣ.

ಅಷ್ಟೂ ಮಾತಿಗೆ ಇರುವ ದಾರಿ ಎರಡೇ ತಂತಿ. ಜಡೆ ಹೆಣೆದ ಹಾಗೆ ಒಂದನ್ನೊಂದು ಸುತ್ತಿಕೊಂಡು ಲಾರಿಯ ಮುಂದಿನಿಂದ ಹಿಂದಿನವರೆಗೆ ಹೋಗುತ್ತವೆ. ಹನ್ನೊಂದು ಡಬ್ಬಿಗಳೂ ಆ ಜೋಡಿ ತಂತಿಯಿಂದಲೇ ಕವಲು ತೆಗೆದುಕೊಂಡಿವೆ.

ಇಷ್ಟು ಕೇಳುವಾಗ ಗದಿಗೆಯ್ಯನಿಗೆ ಬಂದ ಕೆಲಸ ಅರ್ಧ ಮರೆತೇ ಹೋಗಿತ್ತು. ಹನ್ನೊಂದು ಜನ ಒಂದೇ ತಂತಿಯಲ್ಲಿ ಬಾಯಿ ಹಾಕಿದರೆ ಸಂತೆಯಾಗುವುದಿಲ್ಲವೇ ಎಂದು ಅವನಿಗೆ ಅನ್ನಿಸಿತು. ಅಜ್ಜಾರು ಅದನ್ನು ಮುಖದಲ್ಲೇ ಓದಿಕೊಂಡರು.

ಸಂತೆಯಾಗುವುದಿಲ್ಲ. ಒಂದು ಡಬ್ಬಿ ಮಾತಾಡುವಾಗ ಉಳಿದವೆಲ್ಲ ಕೇಳುತ್ತವೆ. ಹೆಸರು ಹಿಡಿದು ಕರೆಯುವುದು ಬಹಳ ಕಡಿಮೆ. ‘ನನ್ನ ನೀರು ಇಷ್ಟು ಕಾದಿದೆ’ ಎಂದು ಎಂಜಿನ್ ಡಬ್ಬಿ ಎಲ್ಲರಿಗೂ ಕೇಳುವಂತೆ ಹೇಳುತ್ತದೆ. ಬೇಕಾದವರು ತೆಗೆದುಕೊಳ್ಳುತ್ತಾರೆ, ಬೇಡವಾದವರು ಬಿಡುತ್ತಾರೆ. ಇಬ್ಬರು ಒಂದೇ ಹೊತ್ತಿಗೆ ಬಾಯಿ ತೆರೆದರೆ, ಯಾರ ಮಾತು ಹೆಚ್ಚು ತುರ್ತಿನದೋ ಅವರು ಮುಂದುವರಿಯುತ್ತಾರೆ. ಇನ್ನೊಬ್ಬರು ಆ ಕ್ಷಣವೇ ನಿಲ್ಲಿಸಿ, ಅದು ಮುಗಿದ ಮೇಲೆ ತಮ್ಮದನ್ನು ಮತ್ತೆ ಮೊದಲಿಂದ ಹೇಳುತ್ತಾರೆ. ಅದರಲ್ಲಿ ಮುನಿಸಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಇಂಥ ಎಷ್ಟೋ ಮಾತುಗಳು ಆಗಿಹೋಗುತ್ತವೆ.

ಅವುಗಳಲ್ಲಿ ಇನ್ನೊಂದು ಪದ್ಧತಿ ಇದೆ. ಪ್ರತಿಯೊಂದು ಡಬ್ಬಿಯೂ ತನ್ನ ತಪ್ಪನ್ನು ತಾನೇ ಎಣಿಸುತ್ತದೆ. ತಾನು ಹೇಳಿದ ಮಾತು ದಾರಿಯಲ್ಲಿ ಕೆಟ್ಟುಹೋದರೆ ಎಣಿಕೆ ಎಂಟು ಏರುತ್ತದೆ. ಸರಿಯಾಗಿ ಮುಟ್ಟಿದರೆ ಒಂದು ಇಳಿಯುತ್ತದೆ. ಎಣಿಕೆ ಇನ್ನೂರ ಐವತ್ತೈದನ್ನು ದಾಟಿತೋ, ತನ್ನಿಂದ ಉಳಿದವರ ಮಾತಿಗೂ ತೊಂದರೆ ಎಂದು ತಿಳಿದು ಆ ಡಬ್ಬಿ ತಾನಾಗಿಯೇ ಸುಮ್ಮನಾಗುತ್ತದೆ. ಸುಮ್ಮನಿರು ಎಂದು ಯಾರೂ ಹೇಳಬೇಕಾಗಿಲ್ಲ.

“ತಪ್ಪಿಗೆ ಎಂಟು, ಸರಿ ಹೇಳಿದ್ದಕ್ಕ ಒಂದ ಒಂದು? ಇದು ಅನ್ಯಾಯ ಆತಲ್ರಿ ಅಜ್ಜಾರ!” ಎಂದ ಗದಿಗೆಯ್ಯ.

“ಅನ್ಯಾಯನೋ ಏನೋ. ಹಂಗ ಐತಿ. ಮುಂದ ಕೇಳು.”

ಆ ಚಾಲಕನಿಗೆ ಲಾರಿಯೆಂದರೆ ಜೀವ. ಆಯುಧಪೂಜೆ ಬಂತು. ಎಲ್ಲರೂ ಹೂ ಕಟ್ಟಿ, ಕುಂಬಳಕಾಯಿ ಒಡೆದು ಸುಮ್ಮನಾದರೆ ಇವನಿಗೆ ಸಮಾಧಾನವಾಗಲಿಲ್ಲ. ಲಾರಿಯ ಎರಡೂ ಪಕ್ಕಕ್ಕೆ ಬಣ್ಣದ ದೀಪಗಳ ಸಾಲು ಹಾಕಿಸಿದ. ದೀಪಗಳು ಅಲುಗದೆ ನಿಲ್ಲಲಿ ಎಂದು ತಾನೇ ತಗಡು ಕತ್ತರಿಸಿ, ಪಟ್ಟಿ ಮಾಡಿ, ಲಾರಿಯ ಅಡಿಯ ಚೌಕಟ್ಟಾದ ಚಾಸಿಗೆ ಬಿಗಿದ. ಕಂಡವರೆಲ್ಲ ಹೊಗಳಿದರು. ಅವನೂ ನಾಲ್ಕು ದಿನ ನೆಲದ ಮೇಲೆ ನಿಲ್ಲಲಿಲ್ಲ.

ಒಂದೆರಡು ತಿಂಗಳು ಕಳೆಯಿತು. ಸಿಮೆಂಟ್ ಹೇರಿಕೊಂಡು ಅರಬೈಲು ಘಟ್ಟ ಇಳಿಯುವಾಗ ಅವನ ಮುಂದೆ ಹಳದಿ ದೀಪವೊಂದು ಹೊತ್ತಿತು. ಬ್ರೇಕಿನ ಡಬ್ಬಿ ಸುಮ್ಮನಾಗಿತ್ತು. ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿಗಳು ತಿರುಗದೆ ಕಚ್ಚಿಕೊಂಡು ಲಾರಿ ಜಾರದ ಹಾಗೆ ನೋಡಿಕೊಳ್ಳುವ ಡಬ್ಬಿ ಅದು. ಅದಿಲ್ಲದೆ ಹೇರು ಲಾರಿಯನ್ನು ಆ ಘಟ್ಟದಲ್ಲಿ ಇಳಿಸುವುದೆಂದರೆ ತಮಾಷೆಯಲ್ಲ. ಚಾಲಕ ಮೊದಲ ಗೇರಿನಲ್ಲಿ, ಮೈಯೆಲ್ಲ ಬೆವರಿಕೊಂಡು ಇಳಿಸಿದ.

ಕೆಳಗೆ ಒಂದು ಅಂಗಡಿಯಲ್ಲಿ, ಡಬ್ಬಿಗಳ ಮಾತು ಓದಿ ತೋರಿಸುವ ಯಂತ್ರ ಹಚ್ಚಿ ನೋಡಿದರು. ‘ಬ್ರೇಕಿನ ಡಬ್ಬಿಯಿಂದ ಮಾತು ಬರುತ್ತಿಲ್ಲ’ ಎಂದು ಯಂತ್ರ ತೋರಿಸಿತು. ಉಳಿದ ಹತ್ತು ಡಬ್ಬಿಗಳೂ ಅದರ ಮೇಲೆಯೇ ದೂರು ಹೇಳುತ್ತಿದ್ದವು. ಹತ್ತು ಜನ ಒಬ್ಬನ ಮೇಲೆ ಬೆರಳು ಮಾಡಿದ ಮೇಲೆ ಇನ್ನೇನು ವಿಚಾರಣೆ? ಆ ಡಬ್ಬಿ ಕಿತ್ತು ಹೊಸದು ಹಾಕಿದರು. ಅದು ಚೆನ್ನಾಗಿಯೇ ಮಾತಾಡಿತು. ಮುಂದಿನ ವಾರ ಅದೇ ಘಟ್ಟದಲ್ಲಿ ಅದೂ ಬಾಯಿ ಮುಚ್ಚಿತು. ಅದನ್ನೂ ಕಿತ್ತು ಮೂರನೆಯದು ಹಾಕಿದರು. ಮೂರನೆಯದೂ ಅಷ್ಟೇ.

ಈಗ ಚಾಲಕ ಘಟ್ಟದ ಕಡೆಯ ಬಾಡಿಗೆಯನ್ನೇ ಒಲ್ಲೆ ಎನ್ನತೊಡಗಿದ. ಈ ಡಬ್ಬಿಗಳ ಹಣೆಬರಹವೇ ಇಷ್ಟು ಎಂದು ಅವುಗಳನ್ನು ಬಾಯಿಗೆ ಬಂದಂತೆ ಬೈಯುತ್ತಾ ಒಬ್ಬ ಮೆಕ್ಯಾನಿಕನ ಹತ್ತಿರ ಹೋದ.

ಮೆಕ್ಯಾನಿಕ್ ಲಾರಿಯ ಕಡೆ ನೋಡಲೇ ಇಲ್ಲ. ಕಿತ್ತ ಡಬ್ಬಿಗಳು ಎಲ್ಲಿ ಎಂದು ಕೇಳಿದ. ಎರಡೂ ಸೀಟಿನ ಕೆಳಗೆ ಬಿದ್ದಿದ್ದವು. ಮೊದಲನೆಯದನ್ನು ತಂದು ಮೇಜಿನ ಮೇಲಿಟ್ಟ. ಎರಡು ಒಳ್ಳೆಯ ತಂತಿ ಜೋಡಿಸಿ, ಬ್ಯಾಟರಿ ಕೊಟ್ಟು, ಯಂತ್ರ ಹಚ್ಚಿದ. ಸತ್ತಿದೆ ಎಂದು ಎಲ್ಲರೂ ಕೈಬಿಟ್ಟಿದ್ದ ಡಬ್ಬಿ ಮಾತಾಡಿತು. ಸುಮ್ಮನೆ ಮಾತಾಡಿದ್ದಲ್ಲ, ಇಡೀ ಮಧ್ಯಾಹ್ನ ನಿಲ್ಲಿಸದೆ ಮಾತಾಡಿತು. ಎರಡನೆಯದೂ ಹಾಗೆಯೇ.

ಚಾಲಕ ಕಣ್ಣು ಬಿಟ್ಟುಕೊಂಡು ನಿಂತ. “ಇಲ್ಲೆ ಇಷ್ಟು ಮಾತಾಡೂವು ನನ್ನ ಲಾರಿಯಾಗ ಯಾಕ ಸುಮ್ಮನಾಗತಾವು?”

“ಅದನ್ನ ಡಬ್ಬಿ ಬಿಚ್ಚಿದ್ರ ತಿಳಿಯಂಗಿಲ್ಲ. ಹೇರು ಹೇರಕೊಂಡು ಬಾ, ನಾನೂ ಬರ್ತೀನಿ,” ಎಂದ ಮೆಕ್ಯಾನಿಕ್.

ಮರುದಿನ ಇಬ್ಬರೂ ಹೊರಟರು. ಮೆಕ್ಯಾನಿಕ್ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬ್ರೇಕಿನ ಡಬ್ಬಿಯ ತಪ್ಪಿನ ಎಣಿಕೆ ನೋಡುತ್ತಾ ಕೂತ. ರಸ್ತೆ ನುಣುಪಾಗಿದ್ದಾಗ ಎಣಿಕೆ ಸೊನ್ನೆ. ಲಾರಿ ಕುಲುಕಿದಾಗ ಎಂಟು, ಹದಿನಾರು. ಮತ್ತೆ ನುಣುಪು ಬಂದರೆ ಒಂದೊಂದೇ ಇಳಿಯುತ್ತಿತ್ತು. ಎಷ್ಟು ಪ್ರಯತ್ನಪಡುತ್ತಿದೆಯಲ್ಲ ಇದು ಎಂದು ಮೆಕ್ಯಾನಿಕನಿಗೆ ಆ ಡಬ್ಬಿಯ ಮೇಲೆ ಮರುಕ ಹುಟ್ಟಿತು. ಘಟ್ಟದ ತಲೆ ಬರುವ ಹೊತ್ತಿಗೆ ಎಣಿಕೆ ಇನ್ನೂರು ದಾಟಿತ್ತು. ಮೆಕ್ಯಾನಿಕ್ ಲಾರಿ ನಿಲ್ಲಿಸಲು ಹೇಳಿ, ಅದರ ಕೆಳಗೆ ತೂರಿ, ಬ್ರೇಕಿನ ಡಬ್ಬಿಯಿಂದ ಹೊರಟ ಕವಲನ್ನು ಬೆರಳಲ್ಲಿ ಹಿಡಿದುಕೊಂಡು ತೆವಳಿದ.

ಒಂದು ಮಾರು ದೂರದಲ್ಲಿ ಬೆರಳಿಗೆ ಒರಟು ತಾಗಿತು. ದೀಪದ ಸಾಲನ್ನು ಹಿಡಿದಿದ್ದ ತಗಡಿನ ಪಟ್ಟಿಯ ಅಂಚು ಅಲ್ಲಿ ತಂತಿಗೆ ಒರಗಿಕೊಂಡಿತ್ತು. ಲಾರಿ ಖಾಲಿ ನಿಂತಾಗ ಬರೀ ತಾಗಿಕೊಂಡಿರುತ್ತಿತ್ತು, ಅಷ್ಟೇ. ಹೇರು ಬಿದ್ದು ಲಾರಿ ಕುಲುಕಿದಾಗ ತಿಕ್ಕುತ್ತಿತ್ತು. ತಿಕ್ಕಿ ತಿಕ್ಕಿ ಮೇಲಿನ ಹೊದಿಕೆ ಹೋಗಿ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿದು, ಮೂರೋ ನಾಲ್ಕೋ ಉಳಿದಿದ್ದವು. ಡಬ್ಬಿ ಹೇಳುತ್ತಿತ್ತು, ಮಾತು ಅರ್ಧ ಹೋಗುತ್ತಿತ್ತು. ಮತ್ತೆ ಹೇಳುತ್ತಿತ್ತು, ಮತ್ತೆ ಕೆಡುತ್ತಿತ್ತು. ಒಂದೊಂದು ಸಲಕ್ಕೂ ತನ್ನ ತಲೆಗೇ ಎಂಟೆಂಟು ಹಾಕಿಕೊಂಡು ಕೊನೆಗೆ ಸುಮ್ಮನಾಗುತ್ತಿತ್ತು. ಕೀಲಿ ತಿರುಗಿಸಿ ಲಾರಿಯನ್ನು ಹೊಸದಾಗಿ ಎಬ್ಬಿಸಿದಾಗ ಎಣಿಕೆ ಸೊನ್ನೆಯಾಗಿ, ಏನೂ ಆಗಿಲ್ಲವೆಂಬಂತೆ ಮತ್ತೆ ಬಾಯಿ ತೆರೆಯುತ್ತಿತ್ತು.

ಚಾಲಕ ಕೆಳಗೆ ಬಗ್ಗಿ ಆ ಪಟ್ಟಿಯನ್ನು ನೋಡಿದ. ತನ್ನ ಕೈಯಾರೆ ಕತ್ತರಿಸಿದ ತಗಡು. ಅವನಿಗೆ ನಾಚಿಕೆಯಾಯಿತು.

ಮೆಕ್ಯಾನಿಕ್ ದೀಪಗಳನ್ನು ಕೀಳಲಿಲ್ಲ. ತಂತಿ ಕೂಡಿಸಿ, ಮೇಲೆ ರಬ್ಬರಿನ ಕೊಳವೆ ಏರಿಸಿದ. ಇಕ್ಕಳದಿಂದ ತಗಡಿನ ಅಂಚನ್ನು ಒಳಕ್ಕೆ ಮಡಿಸಿದ. ಅಷ್ಟೇ ಕೆಲಸ. ಮೊದಲು ಕಿತ್ತಿದ್ದ ಡಬ್ಬಿಯನ್ನೇ ಅದರ ಜಾಗಕ್ಕೆ ಮತ್ತೆ ಹಾಕಿದ. ಅದು ಮತ್ತೆಂದೂ ಸುಮ್ಮನಾಗಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿ ಮೊರದಿಂದ ಒಂದು ಕಲ್ಲು ತೆಗೆದು ಆಚೆ ಎಸೆದರು.

ಗದಿಗೆಯ್ಯನ ತಲೆಯಲ್ಲಿ ಹನ್ನೊಂದು ಡಬ್ಬಿಗಳು ಇನ್ನೂ ಮಾತಾಡುತ್ತಿದ್ದವು. ಆ ಮೆಕ್ಯಾನಿಕ್ ಯಾರೆಂದು ಕೇಳುವ ಆಸೆಯಾಯಿತು, ಕೇಳಲಿಲ್ಲ. ಆಮೇಲೆ ತಾನು ಬಂದ ಕೆಲಸ ನೆನಪಾಯಿತು. ಕತೆ ತನಗೆ ಪೂರಾ ದಕ್ಕಿತು ಎಂಬ ಸಂತೋಷದಲ್ಲಿ ಅವನ ಮುಖ ಅರಳಿತು. ಈರವ್ವನನ್ನು ಕಳಿಸಬೇಕಾಗಿಲ್ಲ ಎಂದು ಎದೆಯ ಭಾರವೂ ಇಳಿದಿತ್ತು.

“ತಿಳೀತ್ರಿ ಅಜ್ಜಾರ,” ಎಂದ. “ಈರವ್ವನ ಒಳಗ ಏನೋ ಕಡದೈತಿ. ಅಕಿನ್ನ ಕಳಸೂದಿಲ್ಲರಿ. ನಾಳೆ ಹುಬ್ಬಳ್ಳಿಗೆ ಕರಕೊಂಡು ಹೋಗಿ ಒಬ್ಬ ಚಲೋ ಡಾಕ್ಟರಿಗೆ ತೋರಸ್ತೀನಿ. ಮಾತು ಬರೂ ಹಂಗ ಮಾಡಸ್ತೀನ್ರಿ.”

ಅಜ್ಜಾರು ಮೊರವನ್ನು ಪಕ್ಕಕ್ಕಿಟ್ಟು ಅವನ ಮುಖ ನೋಡಿದರು.

“ನನ್ನ ಮುಂದ ಅಕಿ ದಿನಾ ಮಾತಾಡ್ತಾಳಲ್ಲೋ, ಗದಿಗೆಯ್ಯ.”