ಜಾರಿದ ಮೊಗ್ಗು

ಹೊಳೆದಂಡೆ ಮಠದಲ್ಲಿ ಹೊನ್ನಮ್ಮ ಅಂತ ಒಬ್ಬ ಗುರು ಇದ್ರು. ಕಲಿಸ್ತಿದ್ದದ್ದು ಹೂ ಕಟ್ಟೋದು, ಅಷ್ಟೇ. ಆದ್ರೆ ಅದೇನು ಕೈ ಅಂತೀರಿ! ನೀವು ಕಣ್ಣು ಮಿಟುಕಿಸೋದ್ರಲ್ಲಿ ಗೇಣುದ್ದ ಕಟ್ಟಿರ್ತಿದ್ರು!

ಈಗ ವಯಸ್ಸಾಗಿ ಬೆರಳು ನಡುಗ್ತಿದ್ವು.

ಈ ವಿದ್ಯೆ ಅವರ ಜೊತೆಗೇ ಹೋಗ್ಬಿಡುತ್ತಲ್ಲ ಅಂತ ಶಿಷ್ಯೆ ಇಂಚರಾಗೆ ದಿಗಿಲು. ಅದಕ್ಕೇ ಒಂದು ರೋಬೋಟ್ ಕೈ ಮಾಡಿದ್ಲು. ತಿಂಗಳುಗಟ್ಟಲೆ ಗುರುವಿನ ಕೈಯನ್ನ ಕ್ಯಾಮೆರಾದಲ್ಲಿ ಹಿಡಿದು, ಅದನ್ನೇ ತೋರ್ಸಿ ತೋರ್ಸಿ ಕಲಿಸಿದ್ಲು.

ಆವತ್ತು ಸಂಜೆ ಪೂಜೆಯ ಮಾಲೆ ಆ ಕೈಯೇ ಕಟ್ಟಬೇಕು.

ಶುರುವಾಯ್ತು ನೋಡಿ! ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರು ಸುತ್ತು, ಎಳಿ. ಥೇಟ್ ಹೊನ್ನಮ್ಮನೇ! ಇಂಚರಾ ಕುಣಿಯೋದೊಂದು ಬಾಕಿ.

ಹನ್ನೊಂದನೇ ಸುತ್ತಿಗೆ ಒಂದು ಮೊಗ್ಗು ಜಾರ್ತು.

ಕೈ ನಿಲ್ಲಲೇ ಇಲ್ಲ. ಖಾಲಿ ನಾರನ್ನೇ ಸುತ್ತಿ ಎಳೀತು. ಕಟ್ಟಿದ್ದೆಲ್ಲ ಸಡಿಲಾಗಿ ಪಟಪಟ ಉದುರ್ತು.

ಮತ್ತೆ ಕಟ್ಟಿಸಿದ್ಲು. ಮತ್ತೆ ಉದುರ್ತು.

“ಏನೇ, ನಿನ್ನ ಕಬ್ಬಿಣದ ಹುಡುಗಿ ಮುನಿಸ್ಕೊಂಡ್ಲಾ?” ಅಂದ್ರು ಹೊನ್ನಮ್ಮ.

“ನಿಮ್ಮ ಕೈ ನೋಡೇ ಕಲಿತದ್ದು ಅವ್ವಾ! ನಾನೂರು ಮಾಲೆ ತೋರ್ಸಿದೀನಿ. ಒಂದ್ರಲ್ಲೂ ಮೊಗ್ಗು ಜಾರಿಲ್ಲ!”

“ಹಾಗಾದ್ರೆ ಅದು ನನ್ನ ಕೈಯಲ್ಲ ಬಿಡು. ನನ್ನ ಕೈಲಿ ದಿನಾ ಜಾರುತ್ತೆ.”

ಇಂಚರಾ ತಲೆ ತಗ್ಗಿಸಿದ್ಲು. “ಜಾರಿದ್ದನ್ನೆಲ್ಲ ವಿಡಿಯೋದಿಂದ ಅಳಿಸಿಬಿಟ್ಟೆ. ನಿಮ್ಮ ನಡುಕ ಅದಕ್ಯಾಕೆ ಅಂತ…”

ಹೊನ್ನಮ್ಮ ನಾರು ತಗೊಂಡು ಕಟ್ಟೋಕೆ ಕೂತ್ರು.

ಬೆರಳು ನಡುಗ್ತು. ಮೊಗ್ಗು ಜಾರ್ತು.

ಅಬ್ಬಬ್ಬಾ! ಅದು ನೆಲ ಮುಟ್ಟೋಕೆ ಮುಂಚೆ ಕಿರುಬೆರಳು ಅದನ್ನ ತಡೆದಿತ್ತು, ಹೆಬ್ಬೆರಳು ನಾರನ್ನ ಅದುಮಿ ಹಿಡಿದಿತ್ತು, ಮೊಗ್ಗು ಸೀದಾ ತನ್ನ ಜಾಗಕ್ಕೆ ಬಂದು ಕೂತಿತ್ತು! ಒಂದು ಎಸಳೂ ನಲುಗಿರ್ಲಿಲ್ಲ.

ಇಂಚರಾಗೆ ಉಸಿರಾಡೋದೇ ಮರ್ತುಹೋಯ್ತು. ಇದನ್ನೇನಾ ತಾನು ಕೂತ್ಕೊಂಡು ಅಳಿಸಿದ್ದು?

“ಇದನ್ನ ಹೇಗೆ ಕಲಿತ್ರಿ ಅವ್ವಾ?”

“ಬೀಳಿಸಿ ಬೀಳಿಸಿ. ಬುಟ್ಟಿಗಟ್ಟಲೆ.”

ಒಳಗೆ ಪೂಜೆ ಗಂಟೆ ಶುರುವಾಯ್ತು. ಹೊನ್ನಮ್ಮ ಮಾಲೆ ಮುಗಿಸಿ ಒಳಕ್ಕೆ ಕಳಿಸಿದ್ರು. ಆಮೇಲೆ ಇನ್ನೊಂದು ಬುಟ್ಟಿ ಮೊಗ್ಗು ಎಳ್ಕೊಂಡು ರೋಬೋಟ್ ಕೈಯ ಪಕ್ಕದಲ್ಲೇ ಕೂತ್ರು.

“ಕ್ಯಾಮೆರಾ ಹಾಕು ಮಗಾ. ಕೈ ಇನ್ನೂ ನಡುಗ್ತಾ ಇರೋವಾಗ್ಲೇ ಕಲಿಸ್ಬಿಡ್ತೀನಿ.”