ಕನ್ನಡಿಗೆ ಕೆರಳಿದ ಕೊರಮೀನು

ಆಗ ನಾನು ಕೆರೆ ದಂಡೆಯ ಸರ್ಕಾರಿ ಬಂಗಲೆ ನೋಡಿಕೊಳ್ಳುವ ಮೇಟಿಯಾಗಿದ್ದೆ. ಅಡುಗೆಯೂ ನನ್ನದೇ. ಯುಗಾದಿ ಕಳೆದು ಒಂದು ವಾರಕ್ಕೆ ಬಂದಿಳಿದ ಅಮಲ್ದಾರ ಸಾಹೇಬರು, "ಮಧ್ಯಾಹ್ನಕ್ಕೆ ಕೊರಮೀನಿನ ಸಾರು ಆಗಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟು" ಅಂದರು.

ಮೀನುಗಳು ಕಣ್ಣೆದುರೇ ಎಗರುತ್ತಿದ್ದವು. ಎರೆಹುಳವನ್ನು ಮಾತ್ರ ಮೂಸಲಿಲ್ಲ. ಅದು ಮರಿ ಮಾಡುವ ಕಾಲ, ಗೂಡು ಕಾಯುವ ಗಂಡಿಗೆ ಹಸಿವೇ ಇರಲ್ಲ. ನೀರಲ್ಲಿ ನಿಂತೂ ನಿಂತೂ ಹೊತ್ತು ನೆತ್ತಿಗೇರುತ್ತಾ ಬಂತು. ಕೊನೆಗೆ ಸಾಹೇಬರ ಕ್ಷೌರದ ಕನ್ನಡಿ ತಂದು, ಗಾಳದ ಪಕ್ಕ ಕಟ್ಟಿ, ಗೂಡಿನ ಮುಂದೆ ಇಳಿಬಿಟ್ಟೆ. ನೀರು ಸಿಡಿಯಿತು ನೋಡಿ! ಕನ್ನಡಿಗೆ ಎರಗಿ ಗಾಳಕ್ಕೆ ಸಿಕ್ಕಿಕೊಂಡಿದ್ದು ನನ್ನ ತೊಡೆಯಷ್ಟು ದಪ್ಪ ಮೀನು. ಆಗಿನ ತೊಡೆ, ಈಗಿನದಲ್ಲ.

ಉಣ್ಣುತ್ತಾ ಸಾಹೇಬರು ಕೇಳಿದರು. "ಏನು ತಿನ್ನಿಸಿ ಹಿಡಿದೆಯೋ?"

"ಏನೂ ತಿನ್ನಿಸಿಲ್ಲ ಬುದ್ಧಿ. ನಿಮ್ಮ ಕನ್ನಡಿ ತೋರಿಸಿದೆ."

"ತನ್ನ ಮುಖಕ್ಕೇ ಸಿಟ್ಟಾಯಿತೇ?"

"ತನ್ನಷ್ಟೇ ದೊಡ್ಡವನೊಬ್ಬ ಎದುರು ನಿಂತ ಅಂದುಕೊಂಡಿತು. ದೊಡ್ಡವರಿಗೆ ಅದೊಂದನ್ನು ತಡೆಯೋಕಾಗಲ್ಲ ಬುದ್ಧಿ."

ಸಾಹೇಬರ ತುತ್ತು ಅರ್ಧದಲ್ಲೇ ನಿಂತಿತು. ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

"ನೀನೆಲ್ಲೂ ಹೋಗಬೇಡ. ನಾಳೆ ನಮ್ಮ ಮೇಲಿನ ಸಾಹೇಬರು ಬರ್ತಾರೆ. ಇಂಥವೇ ನಾಲ್ಕು ಹಿಡಿ."

ಕೆಲಸ ಉಳಿಯಿತು ಅಂತ ಖುಷಿಪಡೋಕೂ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.